ಯಾರ ಪಾಲಿನ ಉಪವಾಸ?

ಮನೆಯ ಟಿ.ವಿ. ಕೆಟ್ಟುಹೋದರೆ ನೀವು ಏನು ಮಾಡುತ್ತೀರಿ? ಕೆಲವರು ಅದೇ ಸಂಜೆ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಕೆಲವರು ‘ಹೇಗೂ ಹಳೆಯದಾಯಿತು’ ಎಂದು ಹೊಸದರ ಬೆಲೆ ವಿಚಾರಿಸಲು ಹೊರಡುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ಮಕ್ಕಳ ಪರೀಕ್ಷೆ ಹತ್ತಿರವಿದ್ದಾಗ, ‘ಕೆಟ್ಟದ್ದೇ ಒಳ್ಳೆಯದಾಯಿತು, ಹಾಗೇ ಇರಲಿ’ ಎಂದು ಸುಮ್ಮನಾಗುತ್ತಾರೆ. ಈ ಮೂರನೆಯವರನ್ನು ಗುರುಗಳಾದ ನಾವು ಸಾಮಾನ್ಯವಾಗಿ ಮೆಚ್ಚಿಕೊಳ್ಳುತ್ತೇವೆ. ನಾನೂ ಮೆಚ್ಚಿಕೊಂಡಿದ್ದೆ. ಅಷ್ಟೇ ಅಲ್ಲ, ಬಲಿಪೂಜೆಯ ಪ್ರಬೋಧನೆಯಲ್ಲಿ ಎಲ್ಲರ ಮುಂದೆ ಹೊಗಳಿದ್ದೆ. ಹಾಗೆ ಹೊಗಳಿದ್ದು ತಪ್ಪು ಎಂದು ತಿಳಿಯಲು ನನಗೆ ಸುಮಾರು ನಾಲ್ಕು ವಾರ ಬೇಕಾಯಿತು. ಆ ತಪ್ಪಿನ ಕಥೆಯನ್ನೂ ಅದು ನನ್ನ ಮುಂದೆ ಇಟ್ಟ ಪ್ರಶ್ನೆಯನ್ನೂ ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ.

ವಾಡಿಯ ಒಂದು ಮನೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಭಾಗದಲ್ಲಿ ನಮ್ಮ ಜನ ಒಂದೇ ಕಡೆ ನೆಲೆಸಿದವರಲ್ಲ. ರೈಲ್ವೆಯ ಕೆಲಸ, ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಶಾಲೆ, ಆಸ್ಪತ್ರೆ ಎಂದು ಅನ್ನ ಸಿಕ್ಕಲ್ಲಿ ಮನೆ ಮಾಡಿಕೊಂಡವರು. ಒಂದು ಕ್ರೈಸ್ತ ಮನೆಯಿಂದ ಇನ್ನೊಂದು ಕ್ರೈಸ್ತ ಮನೆಗೆ ಕೆಲವೊಮ್ಮೆ ಬಸ್ಸು ಹತ್ತಿಯೇ ಹೋಗಬೇಕು. ಹೀಗಿರುವಾಗ ಕಾಲು ಗಟ್ಟಿಯಿದ್ದವರಿಗೆ ಭಾನುವಾರದ ಪೂಜೆ ಸಿಗುತ್ತದೆ. ಹಾಸಿಗೆ ಹಿಡಿದವರಿಗೆ ಗುರು ಬಂದ ದಿನವೇ ಭಾನುವಾರ.

ನಾನು ಹೇಳುತ್ತಿರುವುದು ವಾಡಿಯ ಒಂದು ಕುಟುಂಬದ ಮಾತು. ಮಗ ಪಾಳಿಯ ಕೆಲಸದವನು. ಸೊಸೆ ಶಾಲೆಯೊಂದರಲ್ಲಿ ಶಿಕ್ಷಕಿ. ಹತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ. ಇವರೊಡನೆ ಎಪ್ಪತ್ತೆಂಟು ವರ್ಷದ ಅಜ್ಜಿ. ನಮ್ಮ ಕಡೆಯ ರೂಢಿಯಂತೆ ಎಲ್ಲರಿಗೂ ಆಕೆ ‘ಆಯಿ’. ಎರಡು ವರ್ಷಗಳ ಹಿಂದೆ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಆಯಿಯ ಲೋಕ ಒಂದು ಮಂಚ, ಒಂದು ಕಿಟಕಿ, ಎದುರಿನ ಗೋಡೆಯ ಟಿ.ವಿ., ಇಷ್ಟಕ್ಕೆ ಬಂದು ನಿಂತಿತ್ತು.

2023ರ ವಿಭೂತಿ ಬುಧವಾರ ಫೆಬ್ರುವರಿ 22ರಂದು ಬಂದಿತ್ತು. ಅದಕ್ಕೆ ಎರಡು ದಿನ ಮುಂಚೆ ರಾತ್ರಿ ಕರೆಂಟು ಏರಿಳಿದು ಆ ಮನೆಯ ಟಿ.ವಿ. ಪರದೆ ಕಪ್ಪಾಯಿತು. ರಿಪೇರಿಗೆ ಎಷ್ಟಾಗುವುದೋ ಎಂದು ಲೆಕ್ಕ ಹಾಕುತ್ತಿದ್ದಾಗ ಸೊಸೆಗೆ ಒಂದು ಒಳ್ಳೆಯ ಆಲೋಚನೆ ಹೊಳೆಯಿತು. ತಪಸ್ಸುಕಾಲ ಬಂತು, ಮಗಳ ಪರೀಕ್ಷೆಯೂ ಬಂತು, ಈ ನಲವತ್ತು ದಿನ ಟಿ.ವಿ.ಯನ್ನು ದೇವರಿಗೆ ಬಿಟ್ಟುಬಿಡೋಣ, ಪಾಸ್ಖ ಹಬ್ಬ ಕಳೆದ ಮೇಲೆ ನೋಡಿದರಾಯಿತು ಎಂದಳು. ಎಲ್ಲರೂ ಒಪ್ಪಿದರು. ಪ್ಲಗ್ ಕಿತ್ತಿಟ್ಟರು. ಬಿಟ್ಟುಹೋಗಿದ್ದ ಸಂಜೆಯ ಜಪಸರ ಆ ಮನೆಯಲ್ಲಿ ಮತ್ತೆ ಆರಂಭವಾಯಿತು.

ಸಂಗತಿ ನನ್ನ ಕಿವಿಗೆ ಬಿತ್ತು. ಪ್ರಬೋಧನೆಗೆ ದೃಷ್ಟಾಂತ ಹುಡುಕುವ ಗುರುವಿಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು? ತಪಸ್ಸುಕಾಲದ ಮೊದಲ ಭಾನುವಾರ, ಯೇಸುಸ್ವಾಮಿ ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಪ್ರಸಂಗವನ್ನು ವಿವರಿಸುತ್ತಾ, ‘ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಕೆಟ್ಟ ಟಿ.ವಿ.ಯನ್ನು ರಿಪೇರಿ ಮಾಡಿಸದೆ ತಮ್ಮ ಮನೆಯನ್ನೇ ರಿಪೇರಿ ಮಾಡಿಕೊಂಡಿದೆ’ ಎಂದು ಹೇಳಿದೆ. ಜನ ತಲೆದೂಗಿದರು. ಮಾತು ಚೆನ್ನಾಗಿ ಕೂತಿತೆಂದು ನನಗೂ ಹಿತವಾಯಿತು.

ಕಪ್ಪು ಗಾಜಿನಲ್ಲಿ ಕಂಡದ್ದು

ಆಯಿಗೆ ಪರಮಪ್ರಸಾದ ಕೊಡಲು ನಾನು ಸಾಮಾನ್ಯವಾಗಿ ಸಂಜೆ ಹೋಗುತ್ತಿದ್ದೆ. ಮನೆ ತುಂಬಾ ಜನ, ಮಕ್ಕಳ ಓದು, ಅಡುಗೆಯ ಸದ್ದು ಇರುತ್ತಿತ್ತು. ಮಾರ್ಚ್ 24ರ ಶುಕ್ರವಾರ ಮಾತ್ರ ಬೇರೆ ಕೆಲಸದ ಕಾರಣ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದೆ. ಬಾಗಿಲು ಮುಂದಕ್ಕೆ ಮಾಡಿತ್ತು. ಒಳಗೆ ಸದ್ದಿಲ್ಲ. ಆಯಿ ಬಾಗಿಲಿಗೆ ಬೆನ್ನು ಮಾಡಿ ಮಂಚದ ಮೇಲೆ ಕೂತು ಆರಿದ ಟಿ.ವಿ.ಯನ್ನು ನೋಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ತಿರುಗಿ ನೋಡದೆ, ‘ಬರ್ರಿ ಫಾದರ್’ ಎಂದಳು.

ನಾನೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ‘ಬಾಗಲ ಕಾಣ್ತದಲ್ರಿ ಅದರಾಗ. ಯಾರ ಬಂದ್ರೂ ಗೊತ್ತಾಗ್ತದ’ ಎಂದಳು.

ಕಪ್ಪು ಗಾಜು ಕನ್ನಡಿಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿಯಾದರೆ ಮಧ್ಯಾಹ್ನ ನಾಲ್ಕರವರೆಗೆ ಆಯಿ ಆ ಗಾಜಿನಲ್ಲಿ ಬಾಗಿಲನ್ನು ನೋಡುತ್ತಾ ಕೂತಿರುತ್ತಿದ್ದಳು. ಪಾಳಿ ಮುಗಿಸಿ ಬಂದ ಮಗ ಒಳಕೋಣೆಯಲ್ಲಿ ಮಲಗಿದ್ದರೆ ಅವನ ನಿದ್ದೆ ಕೆಡಬಾರದೆಂದು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದಳು. ಬಾಗಿಲಿಗೆ ಯಾರೂ ಬರದ ದಿನಗಳೇ ಹೆಚ್ಚು. ಹೊರಗೆ ಮಾರ್ಚ್ ತಿಂಗಳ ಬಿಸಿಲು. ಪರಸಿ ಕಲ್ಲಿನ ಓಣಿಯಲ್ಲಿ ಆ ಹೊತ್ತಿಗೆ ನಾಯಿಯೂ ಓಡಾಡುವುದಿಲ್ಲ.

ಟಿ.ವಿ. ಕೆಡುವ ಮೊದಲು ಆಕೆಯ ದಿನ ಹೀಗಿರಲಿಲ್ಲ. ಮೊಮ್ಮಗ ಶಾಲೆಗೆ ಹೊರಡುವ ಮುಂಚೆ ಕನ್ನಡ ಬಲಿಪೂಜೆಯನ್ನು ಹಾಕಿಕೊಟ್ಟು ಹೋಗುತ್ತಿದ್ದ. 2020ರ ಲಾಕ್‌ಡೌನ್ ದಿನಗಳಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಬಂದ ಅಭ್ಯಾಸ ಅದು. ಆ ವರ್ಷ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್‌ರವರು ಮಳೆಯಲ್ಲಿ ನೆನೆಯುತ್ತಿದ್ದ, ಒಬ್ಬ ಭಕ್ತನೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು ಲೋಕವನ್ನು ಆಶೀರ್ವದಿಸಿದ್ದನ್ನು ಆಯಿ ನೋಡಿದ್ದಳು. ‘ಅಷ್ಟು ದೊಡ್ಡ ಅಂಗಳದಾಗ ಒಬ್ಬರೇ ಇದ್ರು, ನನ್ನಂಗ’ ಎಂದು ನೆನಪಿಸಿಕೊಂಡಳು.

ಆಕೆ ನೋಡುತ್ತಿದ್ದುದು ಬಲಿಪೂಜೆಯೊಂದನ್ನೇ ಎಂದು ಬರೆದರೆ ನನ್ನ ವಾದಕ್ಕೆ ಬಲ ಬರುತ್ತದೆ. ಆದರೆ ಅದು ಸತ್ಯವಲ್ಲ. ಆಯಿ ಹಳೆಯ ಸಿನಿಮಾಗಳನ್ನೂ ನೋಡುತ್ತಿದ್ದಳು. ಮಧ್ಯಾಹ್ನದ ಧಾರಾವಾಹಿ ನೋಡಿ ಅದರೊಳಗಿನ ಅತ್ತೆಯನ್ನು ಬೈಯುತ್ತಿದ್ದಳು. ಹಾಗೆ ಬೈಯುವುದೂ ಒಂದು ಸಂಭಾಷಣೆಯೇ. ಎಂಟು ಗಂಟೆ ಯಾರ ಮುಖವನ್ನೂ ಕಾಣದ ಒಂದು ಜೀವಕ್ಕೆ ಅದು ಬೇಕಾಗಿತ್ತು.

‘ಯಾಕೆ ಹೇಳಲಿಲ್ಲ ಆಯಿ?’ ಎಂದೆ.

‘ಏನಂತ ಹೇಳ್ಲಿ ಫಾದರ್? ದೇವರಿಗಿ ಬಿಟ್ಟೀವಿ ಅಂದ್ರು. ನೀವೂ ಪೂಜಿಯೊಳಗ ಅದನ್ನೇ ಹೇಳಿದ್ರಂತ. ದೇವರಿಗಿ ಬಿಟ್ಟದ್ದು ನಾ ಹ್ಯಾಂಗ ತಿರುಗಿ ಬೇಡ್ಲಿ?’

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

‘ಕೊರ್ಬಾನ್’ ಎಂಬ ಮಾತು

ಆ ಮಧ್ಯಾಹ್ನ ಹಿಂದಿರುಗುವಾಗ ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯ ನನ್ನ ಬೆನ್ನು ಹತ್ತಿತು. ಯೇಸುಸ್ವಾಮಿಯ ಕಾಲದಲ್ಲಿ ‘ಕೊರ್ಬಾನ್’ ಎಂಬ ಒಂದು ವ್ರತದ ಮಾತಿತ್ತು. ದೇವರಿಗೆ ಮೀಸಲಾದದ್ದು ಎಂದು ಅದರ ಅರ್ಥ. ಒಬ್ಬ ಮಗ ತನ್ನ ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ‘ಇದು ಕೊರ್ಬಾನ್’ ಎಂದು ಘೋಷಿಸಿದರೆ ಸಾಕು, ಮುಂದೆ ಅವರಿಗಾಗಿ ಅವನು ಏನೂ ಮಾಡಬೇಕಾಗಿರಲಿಲ್ಲ. ಯೇಸು ಇದನ್ನು ಖಂಡಿಸಿದರು. ತಂದೆತಾಯಿಯನ್ನು ಗೌರವಿಸು ಎಂಬ ದೇವರ ಕಟ್ಟಳೆಯನ್ನು ದೇವರ ಹೆಸರಿನಿಂದಲೇ ರದ್ದು ಮಾಡುತ್ತಿದ್ದೀರಿ ಎಂದು ಫರಿಸಾಯರಿಗೆ ಹೇಳಿದರು.

ಗುರುಮಠದಲ್ಲಿ ಈ ಭಾಗವನ್ನು ನಾನು ಓದಿದ್ದೇನೆ, ಪರೀಕ್ಷೆ ಬರೆದಿದ್ದೇನೆ, ಹಲವು ಬಾರಿ ವಿವರಿಸಿದ್ದೇನೆ. ಆಗೆಲ್ಲ ಆ ಮಗನನ್ನು ಒಬ್ಬ ಜಿಪುಣ, ಒಬ್ಬ ಕಪಟಿ ಎಂದೇ ಭಾವಿಸಿದ್ದೆ. ವಾಡಿಯ ಆ ಮಗ ಜಿಪುಣನಲ್ಲ. ಸೊಸೆ ಕಪಟಿಯಲ್ಲ. ತಾಯಿಯನ್ನು ಎತ್ತಿ ಕೂರಿಸಿ, ಮೀಯಿಸಿ, ಉಣಿಸುವ ಜನ ಅವರು. ಹಾಗಿದ್ದೂ ಅವರ ಮನೆಯಲ್ಲಿ ನಡೆದದ್ದು ಅದೇ. ತಾಯಿಗೆ ಸೇರಿದ್ದನ್ನು ದೇವರಿಗೆ ಕೊಟ್ಟಿದ್ದರು. ಕೊರ್ಬಾನ್ ಎನ್ನಲು ಕೆಟ್ಟ ಮನಸ್ಸೇ ಬೇಕಾಗಿಲ್ಲ. ಒಳ್ಳೆಯ ಮನಸ್ಸು ಸುತ್ತ ನೋಡುವುದನ್ನು ಒಂದು ಕ್ಷಣ ಮರೆತರೂ ಸಾಕು.

ನಿರ್ಧಾರವಾದ ಬಗೆಯನ್ನು ಗಮನಿಸಿ. ಅದು ಆದದ್ದು ರಾತ್ರಿ ಊಟದ ಹೊತ್ತಿನಲ್ಲಿ. ಮಾತಾಡಿದವರಿಗೆ ಟಿ.ವಿ. ಎಂದರೆ ಸಂಜೆಯ ಎರಡು ಗಂಟೆ. ಅದನ್ನು ಅವರು ಬಿಟ್ಟರು. ಬದಲಿಗೆ ಅವರಿಗೆ ಜಪಸರ ಸಿಕ್ಕಿತು, ಓದಿಗೆ ಸಮಯ ಸಿಕ್ಕಿತು, ಗುರುಗಳ ಹೊಗಳಿಕೆಯೂ ಸಿಕ್ಕಿತು. ಆಯಿಗೆ ಟಿ.ವಿ. ಎಂದರೆ ಹಗಲಿನ ಎಂಟು ಗಂಟೆ. ಆ ಹಗಲನ್ನು ಮನೆಯವರು ಯಾರೂ ಕಂಡಿರಲಿಲ್ಲ, ಏಕೆಂದರೆ ಆಗ ಅವರು ಮನೆಯಲ್ಲಿ ಇರುತ್ತಿರಲಿಲ್ಲ, ಇದ್ದವರು ನಿದ್ದೆಯಲ್ಲಿ ಇರುತ್ತಿದ್ದರು. ತ್ಯಾಗದ ಪುಣ್ಯ ನಾಲ್ವರಿಗೆ ಹಂಚಿಹೋಯಿತು, ತ್ಯಾಗದ ಭಾರ ಐದನೆಯವಳ ಮೇಲೆ ಬಿತ್ತು.

ಇನ್ನೊಂದು ವಿಷಯವೂ ನನ್ನನ್ನು ಚುಚ್ಚಿತು. ಧರ್ಮಸಭೆಯ ಕಾನೂನು ಸಂಹಿತೆಯ (1983) 1252ನೆಯ ನಿಯಮದಂತೆ ಉಪವಾಸದ ಕಟ್ಟುಪಾಡು ಪ್ರಾಪ್ತವಯಸ್ಸಿನಿಂದ ಅರವತ್ತನೆಯ ವರ್ಷ ಆರಂಭವಾಗುವವರೆಗೆ ಮಾತ್ರ. ಮುದುಕರ ಮೇಲೆ ಧರ್ಮಸಭೆ ಉಪವಾಸವನ್ನು ಹೇರುವುದಿಲ್ಲ. ತಾಯಿಯಾದ ಧರ್ಮಸಭೆ ಬೇಡ ಎಂದದ್ದನ್ನು ನಾವು ಎಪ್ಪತ್ತೆಂಟು ವರ್ಷದ ಹೆಣ್ಣುಮಗಳ ಮೇಲೆ ಹೇರಿ, ಅದಕ್ಕೆ ಭಕ್ತಿಯ ಹೆಸರು ಕೊಟ್ಟಿದ್ದೆವು.

ವಿಭೂತಿ ಬುಧವಾರದ ನಂತರದ ಶುಕ್ರವಾರ ಪೂಜೆಯಲ್ಲಿ ಓದುವುದು ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು. ದೇವರು ಮೆಚ್ಚುವ ಉಪವಾಸ ಯಾವುದು ಎಂದು ಪ್ರವಾದಿ ಅಲ್ಲಿ ಪಟ್ಟಿ ಕೊಡುತ್ತಾನೆ. ಹಸಿದವನಿಗೆ ಅನ್ನ, ಮನೆಯಿಲ್ಲದವನಿಗೆ ಆಸರೆ, ಬೆತ್ತಲೆಯಿದ್ದವನಿಗೆ ಬಟ್ಟೆ, ಇವುಗಳ ಜೊತೆಗೆ ತನ್ನ ರಕ್ತಸಂಬಂಧಿಗೆ ಮುಖ ತಪ್ಪಿಸದಿರುವುದು. ಆ ಕೊನೆಯ ಮಾತನ್ನು ನಾನು ಫೆಬ್ರುವರಿ 24ರಂದು ಪೀಠದಲ್ಲಿ ನಿಂತು ಓದಿದ್ದೆ. ಎರಡೇ ದಿನಗಳ ನಂತರ ಅದಕ್ಕೆ ವಿರುದ್ಧವಾದದ್ದನ್ನು ಹೊಗಳಿದ್ದೆ.

ಹಾಸಿಗೆ ಹಿಡಿದವಳು ಟಿ.ವಿ.ಯ ಪಾಲಕಿ

ಟೆಲಿವಿಷನ್ನಿಗೂ ಒಬ್ಬ ಪಾಲಕ ಸಂತೆ ಇದ್ದಾಳೆ ಎಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅಸ್ಸಿಸಿಯ ಸಂತ ಕ್ಲಾರಾ. 1958ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್‌ರವರು ಆಕೆಯನ್ನು ಟೆಲಿವಿಷನ್ನಿನ ಪಾಲಕಿ ಎಂದು ಘೋಷಿಸಿದರು. ದೆಹಲಿಯಲ್ಲಿ ಭಾರತದ ಮೊದಲ ಟಿ.ವಿ. ಪ್ರಸಾರ ಆರಂಭವಾದದ್ದು ಅದರ ಮರುವರ್ಷ, 1959ರ ಸೆಪ್ಟೆಂಬರ್ 15ರಂದು.

ಹದಿಮೂರನೆಯ ಶತಮಾನದ ಒಬ್ಬ ಕನ್ಯಾಸ್ತ್ರೀಗೂ ಟಿ.ವಿ.ಗೂ ಏನು ಸಂಬಂಧ? 1252ರ ಕ್ರಿಸ್ಮಸ್ ರಾತ್ರಿ ಸಂತ ದಾಮಿಯಾನೋ ಮಠದ ಸೋದರಿಯರೆಲ್ಲ ಪ್ರಾರ್ಥನೆಗೆ ಹೋಗಿದ್ದರು. ವರ್ಷಗಟ್ಟಲೆ ಕಾಯಿಲೆಯಿಂದ ಬಳಲುತ್ತಿದ್ದ ಕ್ಲಾರಾ ಏಳಲಾರದೆ ಹಾಸಿಗೆಯಲ್ಲೇ ಉಳಿದಿದ್ದಳು. ಒಬ್ಬಳೇ ಇದ್ದ ಆ ಹೊತ್ತಿನಲ್ಲಿ, ದೂರದ ಸಂತ ಫ್ರಾನ್ಸಿಸ್‌ರ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆಯನ್ನು ಆಕೆ ಮಲಗಿದ್ದಲ್ಲಿಂದಲೇ ಕಂಡಳು, ಹಾಡನ್ನು ಕೇಳಿದಳು ಎಂದು ಪರಂಪರೆ ಹೇಳುತ್ತದೆ. ಮರುವರ್ಷ ಆಗಸ್ಟ್ 11ರಂದು ಆಕೆ ತೀರಿಕೊಂಡಳು.

ಪೋಪರ ಆಯ್ಕೆಯಲ್ಲಿ ಒಂದು ಪಾಠವಿದೆ. ಟಿ.ವಿ.ಯ ಪಾಲಕಿಯಾಗಿ ಅವರು ಗುರುತಿಸಿದ್ದು ಮಾತುಗಾರನನ್ನಲ್ಲ, ಪ್ರಚಾರಕನನ್ನಲ್ಲ. ಎಲ್ಲರೂ ಹೋದ ಮೇಲೆ ಮನೆಯಲ್ಲಿ ಉಳಿದ ಒಬ್ಬ ರೋಗಿಯನ್ನು. ದೂರದಲ್ಲಿ ಇರುವವರನ್ನು, ಬರಲಾಗದವರನ್ನು ಹತ್ತಿರ ತರುವುದಾದರೆ ಆ ಪೆಟ್ಟಿಗೆಗೆ ಒಂದು ಗೌರವವಿದೆ ಎಂದು ಇದರ ಅರ್ಥ. ಟಿ.ವಿ.ಯ ವಿರುದ್ಧ ನಾನು ಮಾಡಿದ ಪ್ರಬೋಧನೆಗಳಿಗೆ ಲೆಕ್ಕವಿಲ್ಲ. ಅವೆಲ್ಲವೂ ಸುಳ್ಳೆಂದು ಈಗ ಹೇಳುವುದಿಲ್ಲ. ಆದರೆ ಅವುಗಳಲ್ಲಿ ಒಂದರಲ್ಲಿಯೂ ಮಂಚದ ಮೇಲೆ ಕೂತ ಆಯಿ ಇರಲಿಲ್ಲ.

ನಮ್ಮ ಈ ಜಿಲ್ಲೆಗೆ ಟಿ.ವಿ. ಬಂದ ಬಗೆಯೂ ಇದನ್ನೇ ಹೇಳುತ್ತದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳಲ್ಲಿ ಆಯ್ದ ಹಳ್ಳಿಗಳಿಗೆ ಈ ಪ್ರಯೋಗ ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬೆಂಗಳೂರನ್ನಲ್ಲ, ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಚಿತ್ತಾಪುರ ಕಡೆಯ ತನ್ನ ತವರಿನಲ್ಲಿ ಆಯಿ ಮೊದಲ ಬಾರಿ ಟಿ.ವಿ. ಕಂಡದ್ದು ಆಗಲೇ. ಕೋಳಿಗೂಡಿಗೆ ಹೊಡೆಯುವಂಥ ತಂತಿಬಲೆಯ, ಸುಮಾರು ಹತ್ತು ಅಡಿ ಅಗಲದ ಆಂಟೆನಾ. ಶಾಲೆಯ ಜಗುಲಿಯ ಮೇಲೆ ಒಂದು ಪೆಟ್ಟಿಗೆ. ಅದರ ಮುಂದೆ ಚಾಪೆ ಹಾಸಿ ಕೂತ ಊರು. ಪೆಟ್ಟಿಗೆಗಳನ್ನು ಹಂಚಿ ಸುಮ್ಮನಾಗಲಿಲ್ಲ, ಕೆಟ್ಟರೆ ಸರಿಪಡಿಸಲು ದುರಸ್ತಿಯ ವ್ಯವಸ್ಥೆಯನ್ನೂ ಮಾಡಿದ್ದರು. ಆ ಟಿ.ವಿ. ಎಲ್ಲರದೂ ಆಗಿದ್ದರಿಂದ ಅದು ಕೆಟ್ಟರೆ ಇಡೀ ಊರಿಗೆ ಗೊತ್ತಾಗುತ್ತಿತ್ತು. ಈಗ ಮನೆಮನೆಗೂ ಒಂದಿದೆ. ಅದು ಕೆಟ್ಟಾಗ ಯಾರಿಗೆ ನಷ್ಟವಾಯಿತು ಎಂಬುದು ಒಂದೇ ಸೂರಿನ ಕೆಳಗೆ ಇರುವವರಿಗೂ ತಿಳಿಯದೆ ಹೋಗಬಹುದು.

ದುರಸ್ತಿಗಾರನ ಮೊದಲ ಪ್ರಶ್ನೆ

ಅಂದೇ ಸಂಜೆ ಮನೆಯವರೊಡನೆ ಮಾತಾಡಿದೆ. ಸೊಸೆಯ ಕಣ್ಣು ತುಂಬಿ ಬಂತು. ‘ನಾವು ತಪ್ಪು ಮಾಡಿದೆವಾ ಫಾದರ್?’ ಎಂದು ಮಗ ಕೇಳಿದ. ‘ನೀವು ಆಯಿಯನ್ನು ಕೇಳಲಿಲ್ಲ. ನಾನು ನಿಮ್ಮನ್ನೂ ಕೇಳಲಿಲ್ಲ, ಆಯಿಯನ್ನೂ ಕೇಳಲಿಲ್ಲ, ಕೇಳದೆಯೇ ಹೊಗಳಿದೆ. ದೊಡ್ಡ ತಪ್ಪು ನನ್ನದು’ ಎಂದೆ. ಮುಂದಿನ ಭಾನುವಾರ ಆಯಿಯ ಹೆಸರು ಹೇಳದೆ, ನನ್ನ ತಪ್ಪನ್ನು ಪೂಜೆಯಲ್ಲಿ ಒಪ್ಪಿಕೊಂಡೆ.

ಸೋಮವಾರ ಶಹಾಬಾದಿನಿಂದ ಒಬ್ಬ ಮೆಕ್ಯಾನಿಕ್ ಮೋಟಾರ್ ಸೈಕಲ್ ಮೇಲೆ ಬಂದ. ಮುಸ್ಲಿಂ ಬಾಂಧವ, ಮಧ್ಯವಯಸ್ಕ. ಟಿ.ವಿ.ಯನ್ನು ಮುಟ್ಟುವ ಮೊದಲು ಅವನು ಕೇಳಿದ ಪ್ರಶ್ನೆ: ‘ಆವಾಜ್ ಬರ್ತಿತ್ತೇನ್ರಿ?’

ಬರುತ್ತಿತ್ತು. ಪರದೆ ಮಾತ್ರ ಕಪ್ಪಾಗಿತ್ತು. ಅವನು ಪ್ಲಗ್ ಹಾಕಿಸಿ, ಕಿಟಕಿ ಮುಚ್ಚಿಸಿ, ಕೋಣೆ ಕತ್ತಲು ಮಾಡಿ, ಒಂದು ಟಾರ್ಚಿನ ಬೆಳಕನ್ನು ಪರದೆಯ ಮೇಲೆ ಓರೆಯಾಗಿ ಬಿಟ್ಟ. ಬೆಳಕು ಬಿದ್ದಲ್ಲಿ ಮಸುಕಾಗಿ ಒಂದು ಮುಖ ಚಲಿಸುವುದು ಕಂಡಿತು. ‘ಪಿಕ್ಚರ್ ಅದ ರೀ. ಹಿಂದಿನ ಬೆಳಕ್ ಇಲ್ಲ’ ಎಂದ.

ಈಗಿನ ಎಲ್ಇಡಿ ಟಿ.ವಿ.ಗಳಲ್ಲಿ ಚಿತ್ರ ಮೂಡುವ ಗಾಜಿನ ಫಲಕಕ್ಕೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಪಟ್ಟಿಗಳ ಮೇಲೆ ಸಾಲಾಗಿ ಕೂರಿಸಿದ ಪುಟ್ಟ ದೀಪಗಳಿರುತ್ತವೆ. ಅವು ಒಂದರ ಕೈ ಒಂದು ಹಿಡಿದಂತೆ ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ದೀಪ ಸುಟ್ಟರೂ ಸಾಲೆಲ್ಲ ಆರಿಹೋಗಬಹುದು. ಚಿತ್ರವೂ ಇರುತ್ತದೆ, ಧ್ವನಿಯೂ ಇರುತ್ತದೆ, ನೋಡುವವನಿಗೆ ಮಾತ್ರ ಎಲ್ಲ ಕಪ್ಪು. ಮಂಚದ ಮೇಲೆ ಕಂಬಳಿ ಹಾಸಿ ಫಲಕವನ್ನು ಮಲಗಿಸಿ, ತಿರುಪು ಬಿಚ್ಚಿ, ಮೀಟರ್ ಹಿಡಿದು ಅವನು ಸತ್ತ ದೀಪವನ್ನು ಹುಡುಕಿದ. ಸುಟ್ಟದ್ದು ಒಂದೇ. ಆದರೂ ಅದರ ಜೊತೆಯವು ದಣಿದಿರುತ್ತವೆ ಎಂದು ಪಟ್ಟಿಗಳನ್ನೇ ಬದಲಿಸಿದ. ಖರ್ಚು ಎರಡು ಸಾವಿರ ರೂಪಾಯಿಯ ಒಳಗೇ ಮುಗಿಯಿತು. ಬೆಳಕನ್ನು ತುಸು ಕಡಿಮೆ ಇಟ್ಟುಕೊಂಡರೆ ಹೆಚ್ಚು ಬಾಳಿಕೆ ಬರುತ್ತದೆ ಎಂದು ಬುದ್ಧಿ ಹೇಳಿದ.

ಧ್ವನಿ ಬರುತ್ತಿತ್ತು ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಪ್ಲಗ್ ಕೀಳದಿದ್ದರೆ ಆಯಿ ಬಲಿಪೂಜೆಯನ್ನು ಕೇಳಿಯಾದರೂ ಇರಬಹುದಿತ್ತು. ಮೆಕ್ಯಾನಿಕ್ ಕೇಳಿದ ಆ ಸಣ್ಣ ಪ್ರಶ್ನೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ತೀರ್ಪಿಗಿಂತ ಮೊದಲು ಪ್ರಶ್ನೆ, ಇದು ಅವನ ಕಸುಬಿನ ನಿಯಮ. ನನ್ನ ಕಸುಬಿನ ನಿಯಮವೂ ಅದೇ ಆಗಿರಬೇಕಿತ್ತು.

ಮತ್ತೊಂದು ವಿಷಯ. ಕೆಲಸದ ನಡುವೆ ಸೊಸೆ ಅವನಿಗೆ ನೀರು, ಚಹಾ ತಂದಳು. ಅವನು ಕೈಮುಗಿದು ಬೇಡವೆಂದ. ಆ ವರ್ಷ ರಂಜಾನ್ ಉಪವಾಸ ಮಾರ್ಚ್ 24ರಂದು, ಅಂದರೆ ನಾನು ಆಯಿಯನ್ನು ಕಂಡ ದಿನವೇ ಆರಂಭವಾಗಿತ್ತು. ಬಿಸಿಲಲ್ಲಿ ದಾರಿ ಸವೆಸಿ ಬಂದವನು ಒಂದು ಗುಟುಕು ನೀರೂ ಕುಡಿಯದೆ, ಬೆವರು ಒರೆಸಿಕೊಳ್ಳುತ್ತಾ ಇನ್ನೊಬ್ಬರ ಮನೆಯ ಬೆಳಕನ್ನು ಸರಿಪಡಿಸುತ್ತಿದ್ದ. ಅವನ ಉಪವಾಸ ಅವನ ಗಂಟಲಿನದು. ನಮ್ಮ ಉಪವಾಸ ಆಯಿಯ ಗಂಟಲಿನದಾಗಿತ್ತು.

ಮೂರು ಪ್ರಶ್ನೆಗಳು

ಇಲ್ಲಿ ನೀವು ಕೇಳಬಹುದು: ಹಾಗಾದರೆ ತಂದೆತಾಯಿ ಮಕ್ಕಳ ಟಿ.ವಿ.ಗೆ, ಮೊಬೈಲಿಗೆ ಕಡಿವಾಣ ಹಾಕಬಾರದೆ? ಖಂಡಿತ ಹಾಕಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಸಂಪರ್ಕ ಮಾಧ್ಯಮಗಳ ಕುರಿತ ಆದೇಶಪತ್ರ ತಂದೆತಾಯಿಗೆ ಈ ಕರ್ತವ್ಯವನ್ನು ನೆನಪಿಸಿದೆ. ಆದರೆ ಅದು ಪಾಲನೆ. ಅದನ್ನು ಪಾಲನೆ ಎಂದೇ ಕರೆಯೋಣ. ಮಗುವಿನ ಹಿತಕ್ಕಾಗಿ ಹಾಕಿದ ಕಟ್ಟನ್ನು ನಮ್ಮ ತ್ಯಾಗದ ಖಾತೆಗೆ ಬರೆದುಕೊಳ್ಳುವುದು ಬೇಡ.

ಹಾಗಾದರೆ ಕುಟುಂಬ ಒಟ್ಟಾಗಿ ಯಾವ ತ್ಯಾಗವನ್ನೂ ಮಾಡುವಂತಿಲ್ಲವೆ? ಮಾಡಬಹುದು. ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಇದು ಹೆಚ್ಚಾಗಿ ಯಾರ ಪಾಲಿನದು? ಅವರನ್ನು ಕೇಳಿದ್ದೇವೆಯೆ? ಅವರು ‘ಬೇಡ’ ಎನ್ನಲು ಸಾಧ್ಯವಿತ್ತೆ? ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಆಯಿಯನ್ನು ಕೇಳಿದ್ದರೂ ಆಕೆ ‘ಹೂಂ’ ಎನ್ನುತ್ತಿದ್ದಳು. ದೇವರ ಹೆಸರನ್ನು ಮುಂದಿಟ್ಟು, ಊಟ ಹಾಕುವ ಕೈಗಳು ಕೇಳಿದಾಗ ಒಬ್ಬ ಮುದುಕಿ ಇಲ್ಲ ಎನ್ನುವುದಾದರೂ ಹೇಗೆ? ಬಾಯಿಬಿಟ್ಟು ಇಲ್ಲ ಎನ್ನಲಾರದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸಬಾರದು.

ಈ ಪ್ರಶ್ನೆಗಳನ್ನು ಹಿಡಿದು ನಮ್ಮ ಮನೆಗಳ ಸುತ್ತ ಒಮ್ಮೆ ನೋಡೋಣ. ಗಂಡ ಯಾತ್ರೆಗೆ ಹರಕೆ ಹೊರುತ್ತಾನೆ, ಅದರ ಖರ್ಚಿಗೆ ಹೆಂಡತಿ ಎರಡು ತಿಂಗಳು ಅಡುಗೆಮನೆಯಲ್ಲಿ ಹಿಡಿತ ಮಾಡುತ್ತಾಳೆ. ಮನೆಯವರೆಲ್ಲ ಶುಕ್ರವಾರ ಉಪವಾಸ ಮುರಿಯಲು ಬಗೆಬಗೆಯ ತಿಂಡಿ ಬಯಸುತ್ತಾರೆ, ಅಂದು ತಾಯಿಗೆ ಎಂದಿಗಿಂತ ಹೆಚ್ಚು ದುಡಿಮೆ. ‘ತಪಸ್ಸುಕಾಲದಲ್ಲಿ ಸರಳವಾಗಿರೋಣ’ ಎಂದು ಮನೆಗೆಲಸದವಳನ್ನು ಒಂದು ತಿಂಗಳು ಬಿಡಿಸುತ್ತೇವೆ, ಸರಳವಾಗುವುದು ಅವಳ ಮಕ್ಕಳ ಊಟ. ಗಣಿಯಲ್ಲಿ ಕಲ್ಲು ಸೀಳುವವರ ಕೂಲಿಯನ್ನು ಹಿಡಿದಿಟ್ಟುಕೊಂಡ ಧಣಿ ಗುಡಿಗೋ ದರ್ಗಾಕ್ಕೋ ಚರ್ಚಿಗೋ ದೊಡ್ಡ ಕಾಣಿಕೆ ಕೊಟ್ಟರೆ ಅದು ಯಾರ ಕಾಣಿಕೆ?

ಗುರುಗಳಾದ ನಮಗೂ ಈ ಪ್ರಶ್ನೆಯಿಂದ ವಿನಾಯಿತಿ ಇಲ್ಲ. ಒಂದು ವರ್ಷ ಹಬ್ಬದ ಊಟವನ್ನು ನಿಲ್ಲಿಸಿ ಆ ಹಣವನ್ನು ದಾನ ಮಾಡೋಣವೆಂದು ನಾನೇ ಸೂಚಿಸಿದ್ದೆ. ಉಳ್ಳವರು ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಹಬ್ಬದ ಅಡುಗೆ ಉಂಡರು. ವರ್ಷಕ್ಕೊಮ್ಮೆ ಹೊಟ್ಟೆತುಂಬ ಮಾಂಸದೂಟ ಉಣ್ಣುವ ಮಕ್ಕಳ ಎಲೆಯನ್ನು ನಾನು ಎತ್ತಿದ್ದೆ ಎಂಬುದು ಆಯಿಯ ಮಾತು ಕೇಳಿದ ಮೇಲೆ ಹೊಳೆಯಿತು.

ಎಸೆಯುವುದಕ್ಕೆ ಮುಂಚೆ

ಮಗನ ಮನಸ್ಸಿನಲ್ಲಿ ಇನ್ನೊಂದು ಯೋಚನೆಯೂ ಇತ್ತು. ಪಾಸ್ಖ ಹಬ್ಬದ ನಂತರ ಹೊಸ ಟಿ.ವಿ. ಕೊಂಡು ಹಳೆಯದನ್ನು ಗುಜರಿಗೆ ಹಾಕುವ ಯೋಚನೆ. ಒಂದೇ ಒಂದು ಪುಟ್ಟ ದೀಪ ಸುಟ್ಟದ್ದಕ್ಕೆ ಇಡೀ ಟಿ.ವಿ. ಕಸವಾಗುತ್ತಿತ್ತು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಲೋಕ ಎಸೆದ ಎಲೆಕ್ಟ್ರಾನಿಕ್ ಕಸ ಸುಮಾರು 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನಾಲ್ಕನೆಯ ಒಂದು ಪಾಲಿಗಿಂತಲೂ ಕಡಿಮೆ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಎಸೆಯುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದರು. ವಸ್ತುವನ್ನು ಬೇಗ ಕಸವೆಂದು ಕಾಣುವ ಕಣ್ಣು ಮನುಷ್ಯರನ್ನೂ ಬದಿಗೆ ಸರಿಸುತ್ತದೆ ಎಂಬುದು ಅವರು 2025ರ ಏಪ್ರಿಲ್ 21ರಂದು ದೈವಾಧೀನರಾಗುವವರೆಗೂ ಮತ್ತೆ ಮತ್ತೆ ನೆನಪಿಸಿದ ಮಾತು. ಬೆಳಕು ಹೋಗಿದೆ ಎಂದರೆ ಚಿತ್ರ ಹೋಗಿದೆ ಎಂದಲ್ಲ. ಟಾರ್ಚು ಹಿಡಿದು ಹತ್ತಿರ ಹೋಗಿ ನೋಡುವ ತಾಳ್ಮೆ ಬೇಕು, ವಸ್ತುವಿಗೂ, ವಯಸ್ಸಾದವರಿಗೂ.

ಹಾಗೆಂದು ಟಿ.ವಿ. ಸರಿಯಾದ ತಕ್ಷಣ ಎಲ್ಲವೂ ಸರಿಯಾಯಿತು ಎಂದು ನಾನು ಹೇಳಲಾರೆ. ಎಂಟು ಗಂಟೆಯ ಒಂಟಿತನಕ್ಕೆ ಟಿ.ವಿ. ಔಷಧವಲ್ಲ, ಊರುಗೋಲು ಮಾತ್ರ. ಅದನ್ನು ಆ ಮನೆಯವರೂ ತಿಳಿದುಕೊಂಡರು. ಪಾಳಿ ಇಲ್ಲದ ದಿನ ಮಗ ಹಗಲಿನಲ್ಲಿ ತಾಯಿಯ ಬಳಿ ಒಂದು ಗಂಟೆ ಕೂರತೊಡಗಿದ. ಓಣಿಯ ಇಬ್ಬರು ಹೆಣ್ಣುಮಕ್ಕಳು ಮಧ್ಯಾಹ್ನ ಬಂದು ಆಯಿಯೊಡನೆ ಧಾರಾವಾಹಿ ನೋಡತೊಡಗಿದರು. ಸಂಜೆಯ ಜಪಸರ ನಿಲ್ಲಲಿಲ್ಲ. ಆ ಹೊತ್ತಿಗೆ ಟಿ.ವಿ. ಆರಿಸುವವಳು ಈಗ ಆಯಿಯೇ, ರಿಮೋಟ್ ಆಕೆಯ ಕೈಯಲ್ಲಿದೆ.

ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 7ರಂದು ಬಂತು. ಶಿಲುಬೆಯ ಹಾದಿ ಮುಗಿಸಿ ಸಂಜೆ ನಾನು ಆ ಮನೆಗೆ ಹೋದಾಗ ಟಿ.ವಿ. ಆರಿತ್ತು. ಮತ್ತೆ ಕೆಟ್ಟಿತೇ ಎಂದು ಕೇಳಿದೆ. ಮೊಮ್ಮಗ ನಕ್ಕ. ಬೆಳಿಗ್ಗೆ ಅವನು ಎಂದಿನಂತೆ ಹಾಕಿಕೊಡಲು ಹೋದಾಗ ಆಯಿ ತಡೆದಿದ್ದಳಂತೆ: ‘ಇವತ್ತ ಬ್ಯಾಡಪ್ಪ. ಇವತ್ತ ನಾ ದೇವರಿಗಿ ಬಿಟ್ಟೀನಿ.’

ಐದು ವಾರ ನಾವು ಆಯಿಯಿಂದ ಕಿತ್ತುಕೊಂಡದ್ದು ಟಿ.ವಿ.ಯನ್ನು ಮಾತ್ರವಲ್ಲ ಎಂಬುದು ನನಗೆ ಆಗ ತಿಳಿಯಿತು. ಕೊಡುವ ಸ್ವಾತಂತ್ರ್ಯವನ್ನೂ ಕಿತ್ತುಕೊಂಡಿದ್ದೆವು. ತನ್ನದು ತನ್ನ ಕೈಗೆ ಮರಳಿದ ಮೇಲೆಯೇ ಆಕೆ ಅದನ್ನು ದೇವರಿಗೆ ಕೊಟ್ಟಳು. ಅದೇ ಕಪ್ಪು ಗಾಜು, ಅದೇ ಮೌನ, ಅದೇ ಮಂಚ. ಆದರೆ ಆ ದಿನದ ಉಪವಾಸ ಆಕೆಯದಾಗಿತ್ತು.

ಪ್ರಿಯ ಓದುಗರೇ, ಮುಂದಿನ ತಪಸ್ಸುಕಾಲ ಬರುತ್ತದೆ. ಏನನ್ನು ಬಿಡಬೇಕೆಂದು ನಿಮ್ಮ ಮನೆಯಲ್ಲೂ ಊಟದ ಹೊತ್ತಿನಲ್ಲಿ ಮಾತು ಏಳುತ್ತದೆ. ಆಗ ಒಂದು ಕ್ಷಣ ತಡೆದು, ಆ ಮಾತಿನಲ್ಲಿ ಸೇರದೆ ಮೂಲೆಯ ಮಂಚದ ಮೇಲೆ ಕೂತಿರುವವರು ಯಾರು ಎಂದು ತಿರುಗಿ ನೋಡಿ. ಹತ್ತಿರ ಹೋಗಿ, ಅವರ ಹಗಲು ಹೇಗೆ ಕಳೆಯುತ್ತದೆ ಎಂದು ಕೇಳಿ. ಆಮೇಲೆ ನಿಮ್ಮ ಪಾಲಿನದನ್ನು, ನಿಮ್ಮದನ್ನೇ, ದೇವರಿಗೆ ಕೊಡಿ. ಹಾಸಿಗೆಯಲ್ಲಿ ಒಂಟಿಯಾಗಿ ಉಳಿದವಳಿಗೆ ಕ್ರಿಸ್ಮಸ್ ರಾತ್ರಿಯ ಹಾಡನ್ನು ಕೇಳಿಸಿದ ದೇವರು ನಮ್ಮ ಮನೆಗಳ ಮೌನವನ್ನೂ ಕೇಳುತ್ತಿದ್ದಾನೆ. ಅದನ್ನು ಕೇಳುವ ಕಿವಿಯನ್ನು ಆತನು ನಮಗೂ ದಯಪಾಲಿಸಲಿ.